ಶಾಲು ಹಸಿರು, ಓಟು ಬೇರೆ: ಕಿತ್ತೂರಿನಿಂದ ಗುರ್ಲಾಪುರದವರೆಗೆ

1989ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ವಿಧಾನಸಭೆ ಚುನಾವಣೆಗೆ ನೂರಕ್ಕೂ ಜಾಸ್ತಿ ಕಡೆ ಅಭ್ಯರ್ಥಿಗಳನ್ನ ನಿಲ್ಲಿಸಿತು. ಗೆದ್ದಿದ್ದು ಎರಡೇ ಕಡೆ. ಆ ಎರಡು ಕಡೆಯೂ ಗೆದ್ದವರು ಒಬ್ಬರೇ, ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು. ಒಂದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರು, ಇನ್ನೊಂದು ಪಕ್ಕದ ಧಾರವಾಡ ಗ್ರಾಮೀಣ. ಒಬ್ಬರು ಎರಡು ಸೀಟು ಇಟ್ಟುಕೊಳ್ಳೋಕೆ ಆಗಲ್ಲ, ಅದಕ್ಕೆ ಧಾರವಾಡ ಬಿಟ್ಟರು. ಉಪಚುನಾವಣೆಯಲ್ಲಿ ಅಲ್ಲಿಂದ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಗೆದ್ದು ಬಂದರು. ಊರೂರಿನಲ್ಲಿ ಹಸಿರು ಶಾಲು ಇದ್ದ ಕಾಲ ಅದು. ಆದರೂ ವಿಧಾನಸಭೆಗೆ ಹೋಗಿದ್ದು ಇಬ್ಬರೇ.

ಅಲ್ಲಿಂದ 36 ವರ್ಷ ಮುಂದೆ ಬನ್ನಿ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಅಂದರು. ಸಾವಿರಾರು ಜನ. ವಾರಕ್ಕೂ ಜಾಸ್ತಿ ಅಲ್ಲೇ ಊಟ, ಅಲ್ಲೇ ನಿದ್ದೆ. ಕೊನೆಗೆ ನವೆಂಬರ್ 7ಕ್ಕೆ ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಸಭೆ ಮಾಡಿ 3,300ಕ್ಕೆ ತಂದು ನಿಲ್ಲಿಸಿದರು. ಇಷ್ಟು ಜನ ಸೇರುವ ಈ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರ ಇವೆ. 2023ರಲ್ಲಿ ಅದರಲ್ಲಿ 11 ಕಾಂಗ್ರೆಸ್‌ಗೆ, 7 ಬಿಜೆಪಿಗೆ ಹೋದವು. ರೈತ ಹೋರಾಟದ ಹೆಸರಿನಲ್ಲಿ ಒಂದೂ ಇಲ್ಲ.

"ಹೋರಾಟಕ್ಕೆ ಬರೋ ಮಂದಿ ಓಟಿಗೆ ಯಾಕ ಬರೂದಿಲ್ಲ?" ನಮ್ಮ ಕಡೆ ಚಹಾ ಅಂಗಡಿಯಲ್ಲಿ ಇದಕ್ಕೆ ರೆಡಿ ಉತ್ತರ ಸಿಗುತ್ತೆ. ಜಾತಿ ಅಂತಾರೆ, ರೊಕ್ಕ ಅಂತಾರೆ, ಜನ ಕೆಟ್ಟರು ಅಂತಾರೆ. ಜಾತಿ, ರೊಕ್ಕ ಎರಡೂ ಇವೆ, ನಾನು ಇಲ್ಲ ಅನ್ನಲ್ಲ. ಆದರೆ 1989ರಲ್ಲೂ ಅವು ಇದ್ದವಲ್ವಾ? ಹಾಗಿದ್ದರೂ ಕಿತ್ತೂರಿನ ಜನ ಸಂಘಕ್ಕೆ ಓಟು ಹಾಕಿದರು. ಯಾಕೆ ಹಾಕಿದರು ಅನ್ನೋದನ್ನ ಮೊದಲು ನೋಡಬೇಕು. ಯಾಕೆ ಬಿಟ್ಟರು ಅನ್ನೋದು ಆಗ ತಾನಾಗೇ ಗೊತ್ತಾಗುತ್ತೆ.

ಕಥೆ ಶುರುವಾಗೋದು ಸವದತ್ತಿ ತಾಲ್ಲೂಕಿನ ನವಿಲುತೀರ್ಥದಿಂದ. ಮಲಪ್ರಭೆಗೆ ಅಲ್ಲಿ ಡ್ಯಾಮ್ ಕಟ್ಟಿದರು. ಸವದತ್ತಿ, ರಾಮದುರ್ಗ, ನವಲಗುಂದ, ನರಗುಂದದ ಕರಿ ಹೊಲಗಳಿಗೆ ಕಾಲುವೆ ಬಂತು. ಕಾಲುವೆ ಬಂದಲ್ಲೆಲ್ಲ ನೀರು ಬರಲಿಲ್ಲ. ಕೆಲವು ಕಡೆ ನೀರು ನಿಂತು ಹೊಲ ಜವಳು ಹಿಡಿಯಿತು. ಆದರೆ ಅಭಿವೃದ್ಧಿ ಕರ, ನೀರಿನ ಕರ ಮಾತ್ರ ಎಲ್ಲರ ಮನೆಗೂ ಬಂತು. ಹತ್ತಿ ಬೆಲೆಯೂ ಬಿದ್ದಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಜನ ಎದ್ದರು, ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಆ ದಿನವನ್ನ ಇವತ್ತಿಗೂ ರೈತ ಹುತಾತ್ಮರ ದಿನ ಅಂತ ಮಾಡ್ತಾರೆ. ಆ ಬೆಂಕಿ ನಾಡಿಗೆಲ್ಲ ಹಬ್ಬಿದ ಮೇಲೆ ಅದೇ ವರ್ಷ ರಾಜ್ಯ ಮಟ್ಟದಲ್ಲಿ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಬೀಳೋದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ನಮ್ಮ ಭಾಗದ ಹಿರಿಯರನ್ನ ಕೇಳಿದರೆ ಅವರು ಮೊದಲು ಹೇಳೋದು ನರಗುಂದದ ಹೆಸರನ್ನೇ.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ. ನಮ್ಮ ಊರು ಬೈಲಹೊಂಗಲ ಕಡೆಯದು. ನಮ್ಮ ಕಾಕಾ ಸಂಘದಲ್ಲಿದ್ದರು. ಊರ ಅಗಸಿಯ, ಅಂದರೆ ಊರ ಬಾಗಿಲಿನ, ಹತ್ತಿರ ಒಂದು ಬೋರ್ಡ್ ಇತ್ತು, ತಗಡಿನ ಮೇಲೆ ಹಸಿರು ಬಣ್ಣ, ಬಿಳಿ ಅಕ್ಷರ. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಸಂಘದ ಅನುಮತಿ ಇಲ್ಲದೆ ಊರೊಳಗೆ ಬರಬಾರದು ಅಂತ ಬರೆದಿತ್ತು. ಇಂಥ ಬೋರ್ಡ್ ಆಗ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಇದ್ದವು. ನಾನು ಆಗ ಕನ್ನಡ ಸಾಲಿ ಹುಡುಗ, ಒತ್ತಕ್ಷರ ಓದೋಕೆ ಕಲಿತಿದ್ದೇ ಆ ಬೋರ್ಡ್‌ನಲ್ಲಿ. ಸಾಹೇಬರ ಜೀಪು ಬಂದರೆ ಅಲ್ಲೇ ನಿಲ್ಲುತ್ತಿತ್ತು. ಯಾರಾದರೂ ಓಡಿ ಬಂದು ಕಾಕಾಗೆ ಹೇಳುತ್ತಿದ್ದರು. ಕಾಕಾ ಶಾಲು ಹೆಗಲಿಗೆ ಹಾಕಿಕೊಂಡು ಹೋಗಿ, "ಬೋರ್ಡ್ ಓದೀರಿಲ್ರಿ ಸಾಹೇಬ್ರ? ಬರ್ರಿ, ಮೊದಲ ಚಹಾ ಕುಡೀರಿ, ಆಮ್ಯಾಲ ಮಾತಾಡೂಣು" ಅನ್ನುತ್ತಿದ್ದರು. ಬೈಗುಳ ಇಲ್ಲ, ಕೂಗಾಟ ಇಲ್ಲ. ಆದರೆ ಜೀಪು ಮುಂದೆ ಹೋಗ್ತಿರಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು, ಬೋರ್ಡ್ ಇಲ್ಲದಾಗ, ಒಂದು ಬ್ಯಾಂಕಿನವರು ಬಂದು ನಮ್ಮ ಓಣಿಯ ಮನೆಯೊಂದರ ತಾಮ್ರದ ಹಂಡೆ ಜಪ್ತಿ ಮಾಡಿಕೊಂಡು ಹೋಗಿದ್ದರು. ಬಚ್ಚಲಲ್ಲಿ ಹೂತಿಟ್ಟಿದ್ದ ಹಂಡೆ, ಹೊಗೆಯಿಂದ ಅರ್ಧ ಕಪ್ಪಾಗಿದ್ದು. ಆ ಮನೆಯ ಅಜ್ಜಿ ತವರಿನಿಂದ ತಂದಿದ್ದು. ಸಾಲ ಎಷ್ಟಿತ್ತೋ ಗೊತ್ತಿಲ್ಲ, ಓಣಿಯವರಿಗೆಲ್ಲ ನೆನಪಿರೋದು ಹಂಡೆ ಕಿತ್ತ ಮೇಲೆ ಬಚ್ಚಲಲ್ಲಿ ಉಳಿದ ಗುಂಡನೆ ಗುಣಿ. ಸಂಘದವರು ಹೋಗಿ, ಸಾಮಾನು ಇಟ್ಟಿದ್ದ ಕಡೆ ಕೂತು, ಹಂಡೆಯನ್ನ ವಾಪಸ್ ತಂದರು. ಇದಕ್ಕೆ ಸಂಘದ ಮಾತಲ್ಲಿ ಮರುಜಪ್ತಿ ಅಂತ ಹೆಸರು. ಚಕ್ಕಡಿಯಲ್ಲಿ ಹಂಡೆ ಇಟ್ಟು, ಹಲಗೆ ಬಾರಿಸಿಕೊಂಡು ಊರೊಳಗೆ ತಂದರು. ಹೆಣ್ಣುಮಕ್ಕಳು ಅದಕ್ಕೆ ಕುಂಕುಮ ಹಚ್ಚಿದರು.

1989ರಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಓಟು ಹಾಕಿದ್ದು ಆ ಹಂಡೆಗೆ. ಇದು ನನ್ನ ಮಾತಲ್ಲ, ನಮ್ಮ ಕಾಕಿ ಹೇಳಿದ್ದು. "ಯಾವ ಚಿನ್ನೆ ಅಂತ ನನಗ ನೆನಪಿಲ್ಲೋ ತಮ್ಮಾ. ಹಂಡೆ ತಂದವರಿಗೆ ಒತ್ತೇನಿ." ಅಲ್ಲಿಯವರೆಗೆ ಮನೆಯ ಗಂಡಸರು ಹೇಳಿದಲ್ಲಿ ಒತ್ತುತ್ತಿದ್ದವರು ಇವರು. ಆ ಸಲ ಗಂಡಸರು ಹೇಳೋ ಅವಶ್ಯಕತೆಯೇ ಬರಲಿಲ್ಲ. ಚುನಾವಣೆ ಖರ್ಚಿಗೂ ಮನೆಯಿಂದ ಮನೆಗೆ ಹೋಗಿ ಕೈಲಾದಷ್ಟು ಎತ್ತಿದರು. ಸಮಾಜವಾದಿ ಚಳವಳಿಯ ಕಾಲದಿಂದ ಬಂದ ಮಾತೊಂದಿದೆ, ಒಂದು ಓಟು, ಒಂದು ನೋಟು ಅಂತ. ನಮ್ಮ ಕಾಕಿ ನೋಟಿನ ಬದಲು ಎರಡು ಸೇರು ಜೋಳ ಕೊಟ್ಟಿದ್ದರಂತೆ. ಪ್ರಚಾರಕ್ಕೆ ಹೋದವರಿಗೆ ರೊಟ್ಟಿ ಆಗಬೇಕಲ್ಲ.

ಹೀಗೆ ಗೆದ್ದ ಸೀಟು ಅದು. ಕಿತ್ತೂರಿನಲ್ಲಿ ಸಂಘ ಓಟು ಕೇಳೋಕೆ ಬರುವ ಮೊದಲು ಏಳೆಂಟು ವರ್ಷ ಜನರಿಗೂ ಜೀಪಿಗೂ ನಡುವೆ ನಿಂತಿತ್ತು. ಬೇರೆ ನೂರು ಕಡೆ ಸೋತಿದ್ದಕ್ಕೂ ಇದೇ ಕಾರಣ ಅಂತ ಹೇಳುವಷ್ಟು ನಾನು ಎಲ್ಲ ಕಡೆ ಓಡಾಡಿಲ್ಲ. ನಮ್ಮ ಕಡೆಯಂತೂ ಹೀಗೇ.

ಮುಂದೇನಾಯಿತು? 224 ಜನರ ಸದನದಲ್ಲಿ ಕಾಂಗ್ರೆಸ್‌ನವರೇ 178 ಮಂದಿ. ಸಂಘದವರು ಇಬ್ಬರು. ಮಾತಾಡಬಹುದು, ಗಲಾಟೆ ಮಾಡಬಹುದು, ಅಷ್ಟೇ. ಇತ್ತ ಊರಲ್ಲಿ ಜನ ಎಂಎಲ್‌ಎ ಹತ್ತಿರ ಬೇರೆ ಕೆಲಸ ಇಟ್ಟುಕೊಂಡು ಬರೋಕೆ ಶುರು ಮಾಡಿದರು. ಮಾಸ್ತರ ವರ್ಗಾವಣೆ, ಬೋರ್‌ವೆಲ್, ರೋಡು, ಮಗನಿಗೆ ನೌಕರಿ. ಇದು ತಪ್ಪಲ್ಲ, ಎಂಎಲ್‌ಎ ಅಂದಮೇಲೆ ಜನ ಕೇಳಬೇಕು. ಆದರೆ ಸಂಘಕ್ಕೆ ಇಲ್ಲ ಅನ್ನೋದೂ ಗೊತ್ತಿರಲಿಲ್ಲ, ಮಾಡಿಕೊಡೋದೂ ಗೊತ್ತಿರಲಿಲ್ಲ. ಶಾಲು ಹಾಕಿಕೊಂಡು ಕಚೇರಿಗೆ ಮುತ್ತಿಗೆ ಹಾಕುತ್ತಿದ್ದವರು ಅದೇ ಕಚೇರಿಗೆ ಶಿಫಾರಸು ಪತ್ರ ಹಿಡಿದುಕೊಂಡು ಹೋಗಬೇಕಾಯಿತು. ಕಾಕಾಗೆ ಇದು ತುಂಬ ಕಷ್ಟ ಆಗಿತ್ತು ಅಂತ ಈಗ ನನಗೆ ಅರ್ಥ ಆಗುತ್ತೆ.

ಇನ್ನೊಂದು ವಿಷಯ, ಇದನ್ನ ಜಾಸ್ತಿ ಯಾರೂ ಹೇಳಲ್ಲ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ರೈತರ ಸಾಲ ಮನ್ನಾ ಮಾಡಿತು. ರೈತರಿಗೆ ಅದು ಬೇಕೇ ಇತ್ತು, ಸಂಘ ಕೇಳಿದ್ದೂ ಅದನ್ನೇ. ಆದರೆ ಜಪ್ತಿ ಜೀಪು ಬರೋದು ಕಮ್ಮಿ ಆದ ಮೇಲೆ ಅಗಸಿಯ ಬೋರ್ಡಿಗೆ ಕೆಲಸ ಇಲ್ಲದಂತಾಯಿತು. ಒಂದು ಮಳೆಗಾಲದಲ್ಲಿ ತಗಡು ಬಾಗಿತು, ಯಾರೂ ನೆಟ್ಟಗೆ ಮಾಡಲಿಲ್ಲ. ಅತ್ತ ಸಂಘದ ದೊಡ್ಡವರು ವಿಶ್ವ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವ, ಬೀಜದ ಕಂಪನಿ, ಪೇಟೆಂಟು ಅಂತ ಹೊಸ ಹೋರಾಟಕ್ಕೆ ಇಳಿದರು. 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದು ದೇಶಕ್ಕೆಲ್ಲ ಸುದ್ದಿ ಆಯಿತು. ನಂಜುಂಡಸ್ವಾಮಿಯವರು ಅಂದು ಹೇಳಿದ್ದರಲ್ಲಿ ಎಷ್ಟೋ ಮಾತು ಇವತ್ತು ಹೊಲದಲ್ಲಿ ಕಾಣ್ತಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಮಾತು ನಮ್ಮ ಓಣಿಯ ಬಚ್ಚಲವರೆಗೆ ಬರಲಿಲ್ಲ. ಅದನ್ನ ಅಲ್ಲಿಗೆ ತಲುಪಿಸೋ ಜನ ಆಗಲೇ ಎರಡು ಗುಂಪಾಗಿದ್ದರು. ಬಾಬಾಗೌಡರು, ಪ್ರೊಫೆಸರರು ಒಬ್ಬರಿಂದೊಬ್ಬರು ದೂರ ಆದರು.

1994ರಲ್ಲಿ ಕಿತ್ತೂರು ಸಂಘದ ಕೈಬಿಟ್ಟಿತು. ಜನತಾದಳದಿಂದ ಡಿ.ಬಿ. ಇನಾಮದಾರರು ಗೆದ್ದರು. 1998ರಲ್ಲಿ ಬಾಬಾಗೌಡರು ಬಿಜೆಪಿಯಿಂದ ನಿಂತು ಬೆಳಗಾವಿ ಎಂಪಿ ಆದರು, ವಾಜಪೇಯಿ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ರಾಜ್ಯ ಸಚಿವರೂ ಆದರು. 13 ತಿಂಗಳಿಗೆ ಆ ಸರ್ಕಾರ ಬಿತ್ತು, 1999ರಲ್ಲಿ ಬೆಳಗಾವಿ ಕಾಂಗ್ರೆಸ್‌ಗೆ ಹೋಯಿತು. 2021ರ ಮೇನಲ್ಲಿ ಅವರು ತೀರಿಕೊಂಡರು. ಅವರು ಪಕ್ಷಕ್ಕೆ ಹೋಗಿದ್ದನ್ನ ದ್ರೋಹ ಅನ್ನೋರು ಇದ್ದಾರೆ. ನಾನು ಹಾಗೆ ಅನ್ನಲ್ಲ. ಒಂದು ಹಳ್ಳಿಯ ಒಕ್ಕಲುತನದ ಮನೆಯಿಂದ ಬಂದು, ಬೀದಿಯಲ್ಲಿ ಲಾಠಿ ತಿಂದು, ದಿಲ್ಲಿಯವರೆಗೆ ಹೋದ ಮನುಷ್ಯ. ಅವರ ಜೊತೆಗೆ ಹೋದ ಓಟುಗಳನ್ನ ನೋಡಿ. ಸಂಘದಲ್ಲಿ ಕಲಿತ ಜನ ಸಂಘದ ಓಟನ್ನ ಹೊತ್ತುಕೊಂಡು ಬೇರೆ ಬೇರೆ ಪಕ್ಷಕ್ಕೆ ಹೋದರು. ಇವತ್ತು ನಮ್ಮ ಭಾಗದ ಎರಡೂ ಪಕ್ಷಗಳಲ್ಲಿ ಹಳ್ಳಿ ಮಟ್ಟದ ಗಟ್ಟಿ ಆಳುಗಳು ಯಾರು ಅಂತ ನೋಡಿದರೆ, ಅದರಲ್ಲಿ ಸಂಘದಲ್ಲಿ ಪಳಗಿದವರು ಎಷ್ಟೋ ಜನ. ಸಂಘ ಜನರಿಗೆ ರಾಜಕೀಯ ಕಲಿಸಿತು. ಕಲಿತ ಮೇಲೆ ಅವರಿಗೆ ಕೂರೋಕೆ ಅಲ್ಲಿ ಜಾಗ ಇರಲಿಲ್ಲ.

ಇದೇ ಬೆಳಗಾವಿಯಲ್ಲಿ ಇನ್ನೊಂದು ಚಳವಳಿ ಚುನಾವಣೆಯನ್ನ ಬೇರೆಯೇ ರೀತಿ ಬಳಸಿತು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನೋ ಅದರ ಬೇಡಿಕೆ ನನಗೆ ಒಪ್ಪಿಗೆ ಇಲ್ಲ, ಬೆಳಗಾವಿ ನಮ್ಮದು. ಆದರೆ ಅವರು ಮಾಡಿದ್ದನ್ನ ಹೇಳಲೇಬೇಕು. 1996ರ ಲೋಕಸಭೆ ಚುನಾವಣೆಯಲ್ಲಿ ಗಡಿ ವಿವಾದದ ಕಡೆ ದೇಶ ತಿರುಗಿ ನೋಡಲಿ ಅಂತ ಮಹಾರಾಷ್ಟ್ರ ಏಕೀಕರಣ ಸಮಿತಿ ನೂರಾರು ಜನರಿಂದ ನಾಮಪತ್ರ ಹಾಕಿಸಿತು. ಕಣದಲ್ಲಿ ಒಟ್ಟು 456 ಅಭ್ಯರ್ಥಿಗಳು! ಬ್ಯಾಲೆಟ್ ಪೇಪರ್ ಕಾಲ ಬೇರೆ. ಆಗ ಲೋಕಸಭೆಗೆ ಠೇವಣಿ ಬರೀ 500 ರೂಪಾಯಿ ಇತ್ತು. ಅದೇ ವರ್ಷ ತೆಲಂಗಾಣದ ನಲ್ಗೊಂಡದಲ್ಲಿ 480 ಜನ ನಿಂತಿದ್ದರು. ಇದಾದ ಮೇಲೆ ಕಾನೂನು ಬದಲಾಯಿತು, ಠೇವಣಿ 10,000ಕ್ಕೆ ಏರಿತು, ಪಕ್ಷೇತರರಿಗೆ 10 ಸೂಚಕರು ಬೇಕು ಅಂತಾಯಿತು. ಬಡ ಪಕ್ಷೇತರನಿಗೆ ಬಾಗಿಲು ಅಷ್ಟು ಕಿರಿದಾಯಿತು. ಆ ಸಮಿತಿಯೂ 2013ರಲ್ಲಿ ಎರಡು ಸೀಟು ಗೆದ್ದಿತ್ತು, 2018ರಲ್ಲಿ, 2023ರಲ್ಲಿ ಒಂದೂ ಇಲ್ಲ.

ಮಂಡ್ಯ ಕಡೆ ಮಾತ್ರ ಸಂಘ ಉಳಿಯಿತು. ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2023ರಲ್ಲಿ ಅವರ ಮಗ ದರ್ಶನ್ ಗೆದ್ದರು, ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಿರಲಿಲ್ಲ. ಅಲ್ಲಿನ ಕಥೆ ಅಲ್ಲಿಯವರೇ ಬರೆಯಲಿ.

ನಮ್ಮ ಜಿಲ್ಲೆಯಲ್ಲಿ ಈ 30 ವರ್ಷದಲ್ಲಿ ಬದಲಾಗಿದ್ದು ಕಬ್ಬು. ಜೋಳ, ಹತ್ತಿ ಇದ್ದ ಕಡೆಯೆಲ್ಲ ಕಬ್ಬು ಬಂತು, ಒಂದಾದ ಮೇಲೊಂದು ಕಾರ್ಖಾನೆ ಬಂತು. ಜಪ್ತಿ ಮಾಡೋ ಬ್ಯಾಂಕು ಹೊರಗಿನದು, ಅದರ ಜೀಪನ್ನ ಅಗಸಿಯಲ್ಲಿ ನಿಲ್ಲಿಸಬಹುದಿತ್ತು. ಕಾರ್ಖಾನೆಯನ್ನ ಹಾಗೆ ನಿಲ್ಲಿಸೋಕೆ ಆಗಲ್ಲ. ಕಬ್ಬು ಬೆಳೆದವನಿಗೆ ಕಾರ್ಖಾನೆ ಬೇಕೇ ಬೇಕು. ಕಬ್ಬು ವರ್ಷ ದಾಟಿ ನಿಂತರೆ ಸೂಲಂಗಿ ಹೊಡೆಯುತ್ತೆ, ಅಂದರೆ ಹೂ ಬಿಡುತ್ತೆ, ಒಣಗುತ್ತೆ, ತೂಕ ಇಳಿಯುತ್ತೆ. ಯಾವ ಹೊಲಕ್ಕೆ ಕಟಾವು ಗ್ಯಾಂಗ್ ಮೊದಲು ಬರಬೇಕು ಅನ್ನೋದನ್ನ ಕಾರ್ಖಾನೆಯ ಫೀಲ್ಡ್‌ಮನ್ ಹೇಳ್ತಾನೆ. ಕಾರ್ಖಾನೆ ನಡೆಸೋರು ಯಾರು? ಜಿಲ್ಲೆಯಲ್ಲಿ ಎಷ್ಟೋ ಕಾರ್ಖಾನೆಗಳು ರಾಜಕೀಯದ ಮನೆತನಗಳ ಕೈಯಲ್ಲಿವೆ, ಎರಡೂ ಪಕ್ಷದವರ ಕೈಯಲ್ಲಿ. ಇದು ಗುಟ್ಟೇನಲ್ಲ.

ನಮ್ಮ ಅಕ್ಕನ ಮನೆ ಮೂಡಲಗಿ ಕಡೆ. ಅಕ್ಕನ ಮಗ ಗುರ್ಲಾಪುರದಲ್ಲಿ ಮೊದಲ ದಿನದಿಂದ ಕೂತಿದ್ದ. ನಾನು ಒಂದು ರಾತ್ರಿ ಅಲ್ಲಿದ್ದೆ. ಸುತ್ತಲಿನ ಊರುಗಳಿಂದ ರೊಟ್ಟಿ ಬುತ್ತಿ ಟ್ರ್ಯಾಕ್ಟರ್‌ನಲ್ಲಿ ಬರ್ತಿದ್ದವು, ಒಂದು ಕಡೆ ಪಲ್ಯ ಕುದಿಯುತ್ತಿತ್ತು. ವಕೀಲರು, ಸ್ವಾಮಿಗಳು, ಕಾಲೇಜು ಹುಡುಗರು ಬಂದರು. ಬಿಜೆಪಿ ರಾಜ್ಯಾಧ್ಯಕ್ಷರು ಬಂದು ರೈತರ ಜೊತೆ ಕೂತರು, ಸರ್ಕಾರದ ಸಚಿವರು ಬಂದು ಮಾತಾಡಿದರು. ಜನ ಇಬ್ಬರನ್ನೂ ಕೇಳಿಸಿಕೊಂಡರು, ಯಾರಿಗೂ ಮೈಕ್ ಬಿಟ್ಟುಕೊಡಲಿಲ್ಲ. ನನಗೆ ಕಾಕಾ ನೆನಪಾದರು, ಕಣ್ಣು ತುಂಬಿ ಬಂತು.

ರಾತ್ರಿ ನಾನು ಹುಡುಗನನ್ನ ಕೇಳಿದೆ, ಇಷ್ಟು ಮಂದಿ ಇದ್ದೀರಿ, 2028ಕ್ಕೆ ನಿಮ್ಮವನೇ ಒಬ್ಬ ನಿಂತರೆ ಓಟು ಹಾಕ್ತೀರಾ? ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ ಅಂದ, "ಮಾಮಾ, ಇಲ್ಲಿ ನಾವು ಐದ ಸಾವಿರ ಮಂದಿ ಅದೀವಿ, ಯಾರ ಏನ ಮಾಡ್ತಾರ? ಓಟಿನ ಮರುದಿನ ನಾ ಒಬ್ಬನ ಹೊಲದಾಗ ಇರತೀನಿ. ಗ್ಯಾಂಗ್ ಬರಬೇಕಲ್ಲ."

ಗುಪ್ತ ಮತದಾನ, ಯಾರಿಗೂ ಗೊತ್ತಾಗಲ್ಲ ಅಂತ ನಾವು ಹೇಳಬಹುದು. ಒಬ್ಬನ ಓಟು ಗೊತ್ತಾಗಲ್ಲ, ನಿಜ. ಆದರೆ ಎಣಿಕೆ ಆದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋ ಲೆಕ್ಕ ಎಲ್ಲರಿಗೂ ಸಿಗುತ್ತೆ. ಒಂದು ಬೂತು ಅಂದರೆ ಹಳ್ಳಿಯಲ್ಲಿ ಒಂದೆರಡು ಓಣಿ. ಓಣಿಯ ಕಬ್ಬು ಹೊಲದಲ್ಲೇ ನಿಂತಿದೆ. ಅವನು ಹೇಳಿದ್ದು ಹೆದರಿಕೆಯ ಮಾತಲ್ಲ, ಲೆಕ್ಕದ ಮಾತು. 1989ರಲ್ಲಿ ಓಟಿನ ಮರುದಿನವೂ ಅಗಸಿಯಲ್ಲಿ ಕಾಕಾ ಇದ್ದರು, ಬೋರ್ಡ್ ಇತ್ತು. ಈ ಹುಡುಗನಿಗೆ ಆ ಮರುದಿನ ಯಾರೂ ಇಲ್ಲ.

ಹಾಗಾದರೆ ಮರುದಿನ ಇವನ ಜೊತೆ ಯಾರು ನಿಲ್ಲಬೇಕು ಅನ್ನೋದು ಎಲ್ಲಿ ತೀರ್ಮಾನ ಆಗುತ್ತೆ? ನನ್ನ ಪ್ರಕಾರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲ. ಊರಿನ ಪಿಕೆಪಿಎಸ್‌ನಲ್ಲಿ, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ. ಬೆಳೆ ಸಾಲ ಬರೋದು ಅಲ್ಲಿಂದ, ಗೊಬ್ಬರ ಬರೋದು ಅಲ್ಲಿಂದ. ಪಿಕೆಪಿಎಸ್‌ಗಳ ಪ್ರತಿನಿಧಿಗಳೇ ಡಿಸಿಸಿ ಬ್ಯಾಂಕಿನ, ಅಂದರೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ, ನಿರ್ದೇಶಕರನ್ನ ಆರಿಸ್ತಾರೆ. ಬೆಳಗಾವಿ ಡಿಸಿಸಿ ಬ್ಯಾಂಕಿನ ಚುನಾವಣೆ 2025ರ ಅಕ್ಟೋಬರಿನಲ್ಲಿ ನಡೆಯಿತು. ಶಾಸಕರು, ಮಾಜಿ ಮಂತ್ರಿಗಳು, ಅವರ ಮಕ್ಕಳು, ತಮ್ಮಂದಿರು ತಿಂಗಳುಗಟ್ಟಲೆ ಬಡಿದಾಡಿದರು. ಪಕ್ಷ ಬಿಟ್ಟು ಬಣ ಕಟ್ಟಿದರು. ಅವರಿಗೆ ಆ ಬ್ಯಾಂಕು ಯಾಕೆ ಬೇಕು ಅಂತ ಗೊತ್ತು. ಅದೇ ತಿಂಗಳ ಕೊನೆಗೆ ಗುರ್ಲಾಪುರದಲ್ಲಿ ರೈತರು ರಸ್ತೆಗೆ ಕೂತರು. ರಸ್ತೆಯಲ್ಲಿ ಕೂತ ಎಷ್ಟು ಜನಕ್ಕೆ ಆ ಚುನಾವಣೆಯಲ್ಲಿ ತಮ್ಮ ಊರಿನ ಸಂಘದ ಪರವಾಗಿ ಓಟು ಹಾಕಿದವರು ಯಾರು ಅಂತ ಗೊತ್ತಿತ್ತು? ನಾನು ಆ ರಾತ್ರಿ ಹತ್ತಾರು ಜನರನ್ನ ಕೇಳಿದೆ. ಇಬ್ಬರಿಗೆ ಗೊತ್ತಿತ್ತು.

ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಅದಕ್ಕೇ ಅಲ್ಲಿ ಹಸಿರು ಶಾಲಿನವರು ಇವತ್ತೂ ಗೆಲ್ತಾರೆ. ಮುಖ ನೋಡಿ, ಮಾಡಿದ ಕೆಲಸ ನೋಡಿ ಜನ ಹಾಕ್ತಾರೆ. ಪಿಕೆಪಿಎಸ್‌ನಲ್ಲೂ ಹಾಗೇ ಗೆಲ್ಲಬಹುದು. ಅಲ್ಲಿ ತೊಡಕು ಮತದಾರರ ಪಟ್ಟಿಯದು. ಸಾಮಾನ್ಯ ಸಭೆಗೆ ಬರಲಿಲ್ಲ, ವ್ಯವಹಾರ ಮಾಡಲಿಲ್ಲ ಅಂತ ಹೇಳಿ ಸದಸ್ಯರನ್ನ ಅನರ್ಹರ ಪಟ್ಟಿಗೆ ಹಾಕ್ತಾರೆ. ಸಭೆಯ ನೋಟಿಸು ಯಾವತ್ತು ಬಂತು, ಯಾರಿಗೆ ಬಂತು ಅಂತ ಕೇಳೋರು ಇಲ್ಲ. ಹೆಣ್ಣುಮಕ್ಕಳಂತೂ ಹೊಲದಲ್ಲಿ ದುಡಿದರೂ ಪಹಣಿಯಲ್ಲಿ ಹೆಸರಿಲ್ಲ, ಹಾಗಾಗಿ ಷೇರೂ ಇಲ್ಲ, ಓಟೂ ಇಲ್ಲ. ಹಂಡೆಗೆ ಓಟು ಹಾಕಿದ ನಮ್ಮ ಕಾಕಿ ಇವತ್ತು ಇದ್ದಿದ್ದರೆ, ಎಂಪಿಯನ್ನ ಆರಿಸಬಹುದಿತ್ತು, ತನ್ನ ಬೆಳೆ ಸಾಲ ಕೊಡೋರನ್ನ ಆರಿಸೋಕೆ ಆಗ್ತಿರಲಿಲ್ಲ.

ಹೋರಾಟ ಮುಗಿದು ಊರಿಗೆ ಬಂದ ಮೇಲೆ ಅಕ್ಕನ ಮಗ, ಅವನ ಜೊತೆಗಾರರು ನಾಲ್ಕು ಜನ, ಮೊದಲು ಮಾಡಿದ ಕೆಲಸ ಊರ ಪಿಕೆಪಿಎಸ್‌ಗೆ ಹೋಗಿ ಸದಸ್ಯರ ಪಟ್ಟಿ ಕೇಳಿದ್ದು. ಮೊದಲ ಸಲ ಕೊಡಲಿಲ್ಲ. ಎರಡನೇ ಸಲ ಅರ್ಜಿ ಬರೆದು, ಸ್ವೀಕೃತಿ ಸಹಿ ಹಾಕಿಸಿಕೊಂಡು ಬಂದರು. ಮೂರನೇ ಸಲ ಝೆರಾಕ್ಸ್ ಸಿಕ್ಕಿತು. ಹೋದ ವಾರ ಫೋನ್ ಮಾಡಿದಾಗ ಅವರು ದೀಪದ ಕಂಬದ ಕೆಳಗೆ ಕಟ್ಟೆಯ ಮೇಲೆ ಕೂತು ಆ ಹಾಳೆಗಳಲ್ಲಿ ಸತ್ತವರ ಹೆಸರು ಹೊಡೆದು ಹಾಕ್ತಿದ್ದರು. ಇನ್ನೂ ಮೂರನೇ ಪುಟದಲ್ಲಿದ್ದೀವಿ ಮಾಮಾ, ಅಂದ.